ಕಬ್ಬಿಣದ ಮಾತ್ರೆ ಅಂದುಕೊಂಡು ಕಳೆದ ನಾಲ್ಕು ದಿನ

ಮಂಗಳವಾರ ಬೆಳಗ್ಗೆ ನಮ್ಮ ಯಜಮಾನರು ಬಚ್ಚಲಿನಿಂದ ಬಂದು, "ಯಾಕೋ ಕಪ್ಪಗೆ ಹೋಗ್ತಿದೆ ಕಣೇ" ಅಂದರು. ನಾನು ದೋಸೆ ಹುಯ್ಯುತ್ತಿದ್ದೆ. "ಕಬ್ಬಿಣದ ಮಾತ್ರೆ ತಗೋತಿದ್ದೀರಲ್ಲ, ಅದಕ್ಕೇ ಇರಬೇಕು" ಅಂದೆ. ಆ ಮಾತ್ರೆ ಶುರು ಮಾಡಿದಾಗ ಡಾಕ್ಟರೇ ಹೇಳಿದ್ದರು, ಮಲದ ಬಣ್ಣ ಕಪ್ಪಾಗುತ್ತೆ, ಗಾಬರಿ ಬೇಡ ಅಂತ. ಹಾಗಾಗಿ ಇಬ್ಬರೂ ಗಾಬರಿ ಆಗಲಿಲ್ಲ. ಶನಿವಾರ ಬೆಳಗ್ಗೆ ರಾಮಾಂಜನೇಯ ಗುಡ್ಡದ ಮೆಟ್ಟಿಲ ಮೇಲೆ ಅವರು ಕುಸಿದು ಕೂತರು.

ಆ ಕಪ್ಪು ಮಾತ್ರೆಯದಲ್ಲ, ಹೊಟ್ಟೆಯೊಳಗೆ ಸೋರುತ್ತಿದ್ದ ರಕ್ತದ್ದು. ಆ ನಾಲ್ಕು ದಿನ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮನೆಯಲ್ಲಿ ಕಿಡ್ನಿ ಕಾಯಿಲೆಯವರು ಇದ್ದರೆ ದಯವಿಟ್ಟು ಇದನ್ನು ಓದಿ.

ಯಜಮಾನರಿಗೆ ಈಗ 61 ವರ್ಷ. ಸಕ್ಕರೆ ಕಾಯಿಲೆ ಬಂದು 19 ವರ್ಷ ಆಯಿತು. ಬಿಪಿಯೂ ಇದೆ. 2017ರಲ್ಲಿ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದ್ದರು, ಅವತ್ತಿನಿಂದ ರಕ್ತ ಹೆಪ್ಪುಗಟ್ಟದ ಹಾಗೆ ದಿನಾ 75 ಮಿಲಿಗ್ರಾಂ ಆಸ್ಪಿರಿನ್. ಕಿಡ್ನಿ ತೊಂದರೆ ಗೊತ್ತಾಗಿದ್ದು 2019ರಲ್ಲಿ. ನಿಧಾನಕ್ಕೆ ಇಳಿಯುತ್ತಾ ನಾಲ್ಕನೇ ಹಂತಕ್ಕೆ ಬಂದಿತ್ತು. ಕಿಡ್ನಿ ಹೊರಹಾಕಬೇಕಾದ ಕಶ್ಮಲ ಕ್ರಿಯಾಟಿನಿನ್, ಅದು ರಕ್ತದಲ್ಲಿ 3.6ಕ್ಕೆ ಏರಿತ್ತು. ಡಯಾಲಿಸಿಸ್ ಇನ್ನೂ ಬೇಕಿರಲಿಲ್ಲ. ಮುಂದೆ ಬೇಕಾಗಬಹುದು ಅಂತ ಎಡಗೈಯಲ್ಲಿ ಫಿಸ್ಟುಲಾ ಮಾಡಿಸುವ ಮಾತು ನಡೆದಿತ್ತು. ಫಿಸ್ಟುಲಾ ಅಂದರೆ ಕೈಯ ಅಪಧಮನಿಯನ್ನೂ ಅಭಿಧಮನಿಯನ್ನೂ ಸೇರಿಸಿ, ಡಯಾಲಿಸಿಸ್ ಸೂಜಿ ತಡೆಯುವಷ್ಟು ದಪ್ಪದ ನಾಳ ಮಾಡುವುದು.

ಹೋದ ವರ್ಷ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಹೋಗಿದ್ದೆವು. ನಾವಿರುವುದು ಬೆಂಗಳೂರಿನ ಹನುಮಂತನಗರ, ನಡೆದೇ ಹೋಗುವ ದೂರ. ದೊಡ್ಡ ಬಸವಣ್ಣನ ಗುಡಿ ಹತ್ತಿರ ಜನಜಂಗುಳಿಯಲ್ಲಿ ಮೂರು ಗಂಟೆ ನಿಂತಿದ್ದಕ್ಕೆ ಅವರ ಮಂಡಿ ಊದಿಕೊಂಡಿತು. ಮರುದಿನ ಒಂದು ಮೆಡಿಕಲ್ ಶಾಪ್‌ನಲ್ಲಿ ನೋವಿನ ಮಾತ್ರೆ ಕೇಳಿದರು. ಚೀಟಿ ಕೇಳಲಿಲ್ಲ, ಕಿಡ್ನಿ ಹೇಗಿದೆ ಅಂತಲೂ ಕೇಳಲಿಲ್ಲ, ಡೈಕ್ಲೋಫೆನಾಕ್ ಇರುವ ಒಂದು ಸ್ಟ್ರಿಪ್ ಕೊಟ್ಟರು. ದಿನಕ್ಕೆ ಎರಡು, ಹತ್ತು ದಿನ ನುಂಗಿದ್ದಾರೆ. ನನಗೆ ಹೇಳಿರಲಿಲ್ಲ. ಮಂಡಿ ಕಡಿಮೆ ಆಗಿದೆ ಅಂತ ಖುಷಿಯಾಗಿದ್ದರು.

ಆ ಜಾತಿಯ ನೋವಿನ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೊರೆಯುತ್ತವೆ, ಕಿಡ್ನಿಗೆ ಹೋಗುವ ರಕ್ತವನ್ನೂ ಕಡಿಮೆ ಮಾಡುತ್ತವೆ. ಜೊತೆಗೆ ಆಸ್ಪಿರಿನ್ ಬೇರೆ ಇತ್ತು. ಇದೆಲ್ಲ ನನಗೆ ಗೊತ್ತಾಗಿದ್ದು ಆಸ್ಪತ್ರೆಯಲ್ಲಿ.

ಎಮರ್ಜೆನ್ಸಿಗೆ ಹೋದಾಗ ಬಿಪಿ 96/60. ಯಾವಾಗಲೂ 150 ಇರುವ ಮನುಷ್ಯ ಅವರು. ನಾಡಿ ಮಾತ್ರ 84. ಪರವಾಗಿಲ್ಲ ಅಲ್ವಾ ಅಂದುಕೊಂಡೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಔಷಧಿ ಪಟ್ಟಿ ನೋಡಿ, "ಇವರು ಮೆಟೊಪ್ರೊಲಾಲ್ ತಗೋತಾರೆ, ರಕ್ತ ಹೋದ್ರೂ ಅದು ನಾಡಿ ಏರೋಕೆ ಬಿಡಲ್ಲ, ಈ 84 ನಂಬೋ ಹಾಗಿಲ್ಲ" ಅಂದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಮಲದ ಬಣ್ಣದ್ದು. ಎರಡನೆಯದು, "ಅಂಟುತ್ತಾ? ವಾಸನೆ ಹೇಗಿದೆ?"

ಅಂಟುತ್ತಿತ್ತು. ಎರಡು ಸಲ ನೀರು ಬಿಟ್ಟರೂ ಕಮೋಡ್‌ನಿಂದ ಹೋಗುತ್ತಿರಲಿಲ್ಲ. ಬಚ್ಚಲಲ್ಲಿ ಏನೋ ಕೆಟ್ಟ ವಾಸನೆ ಅಂತ ನಾನು ಗುರುವಾರ ಫಿನಾಯಿಲ್ ಹಾಕಿ ತೊಳೆದಿದ್ದೆ. ಡಾಕ್ಟರಮ್ಮ ಹೇಳಿದ್ದು ಇಷ್ಟು: ಕಬ್ಬಿಣದ ಮಾತ್ರೆಯ ಕಪ್ಪಲ್ಲಿ ಸ್ವಲ್ಪ ಹಸಿರು ಇರುತ್ತೆ, ಮಲ ಗಟ್ಟಿಯಾಗೇ ಇರುತ್ತೆ. ಹೊಟ್ಟೆಯೊಳಗೆ ರಕ್ತ ಸುರಿದು ಜೀರ್ಣವಾಗಿ ಬಂದರೆ ಅದು ಡಾಂಬರಿನ ಹಾಗೆ ಹೊಳೆಯುತ್ತೆ, ಅಂಟುತ್ತೆ, ನಾರುತ್ತೆ. ಈ ಎರಡು ಸಾಲು ಯಾರಾದರೂ ಮಾತ್ರೆ ಕೊಟ್ಟ ದಿನವೇ ಹೇಳಿದ್ದರೆ!

ಹಿಮೋಗ್ಲೋಬಿನ್ 6.1 ಬಂತು. ಎರಡು ತಿಂಗಳ ಹಿಂದೆ 9.8 ಇತ್ತು. ಅದೂ ಕಡಿಮೆಯೇ. ಯಾಕೆಂದರೆ ರಕ್ತ ಮಾಡು ಅಂತ ಮೂಳೆಯ ಮಜ್ಜೆಗೆ ಹೇಳುವ ಎರಿಥ್ರೋಪೊಯೆಟಿನ್ ತಯಾರಾಗುವುದೇ ಕಿಡ್ನಿಯಲ್ಲಿ. ಕಿಡ್ನಿ ಸೋತರೆ ರಕ್ತವೂ ಕಡಿಮೆ. ಬೇರೆಯವರು 14ರಿಂದ ಇಳಿಯಲು ಶುರುವಾದರೆ ಇವರು 9.8ರಿಂದ ಇಳಿಯುತ್ತಾರೆ. ಕಳೆದುಕೊಳ್ಳುವುದಕ್ಕೆ ಕೈಯಲ್ಲಿ ಇದ್ದಿದ್ದೇ ಕಡಿಮೆ.

ನರ್ಸ್ ಡ್ರಿಪ್ ಹಾಕಲು ಎಡಗೈ ಹಿಡಿದರು. "ಎಡಗೈಗೆ ಬೇಡ, ಫಿಸ್ಟುಲಾಗೆ ಇಟ್ಟಿರೋ ಕೈ ಅದು" ಅಂದೆ. ಆ ಗಡಿಬಿಡಿಯಲ್ಲಿ ಅದೊಂದು ನೆನಪಾಗಿದ್ದು ನನ್ನ ಪುಣ್ಯ. ಒಂದು ಸಲ ಆ ರಕ್ತನಾಳಗಳು ಹಾಳಾದರೆ ಫಿಸ್ಟುಲಾ ಮಾಡಲು ಜಾಗವೇ ಇರುವುದಿಲ್ಲ. ಬಲಗೈಯ ಹಿಂಬದಿಯಲ್ಲಿ ಸೂಜಿ ಹಾಕಿದರು.

ಯೂರಿಯಾ 168 ಇತ್ತು. ಅದೂ ಕಿಡ್ನಿ ಹೊರಹಾಕಬೇಕಾದ ಕಶ್ಮಲವೇ. ಹೊಟ್ಟೆಯ ಮೇಲ್ಭಾಗದಲ್ಲಿ ರಕ್ತ ಸೋರಿದರೆ ಆ ರಕ್ತವೂ ಕರುಳಲ್ಲಿ ಆಹಾರದಂತೆ ಜೀರ್ಣವಾಗಿ ಯೂರಿಯಾ ಏರುತ್ತದಂತೆ. ಸಾಮಾನ್ಯ ರೋಗಿಯಲ್ಲಿ ಅದೇ ಒಂದು ಸುಳಿವು. ಇವರದು ಯಾವಾಗಲೂ ಜಾಸ್ತಿಯೇ, ಹಾಗಾದರೆ ಇದರಲ್ಲಿ ಕಿಡ್ನಿಯ ಪಾಲೆಷ್ಟು, ರಕ್ತದ ಪಾಲೆಷ್ಟು? ಅದಕ್ಕೆ ಹಳೇ ರಿಪೋರ್ಟ್ ಬೇಕು. ನಾನು ಆಟೋ ಹತ್ತುವಾಗ ಬೇರೇನೂ ತೋಚದೆ ಕಿಡ್ನಿ ಫೈಲ್ ಇರುವ ಬಟ್ಟೆಚೀಲ ಒಂದನ್ನೇ ಹಿಡಿದುಕೊಂಡು ಬಂದಿದ್ದೆ. ಹಿಂದಿನ ಸಲ 92. ಒಂದೇ ಸಲಕ್ಕೆ ಇಷ್ಟು ಏರಿದ್ದು ನೋಡಿ ಡಾಕ್ಟರಮ್ಮ ಆ ರಾತ್ರಿಯೇ ಗ್ಯಾಸ್ಟ್ರೋ ಡಾಕ್ಟರಿಗೆ, ಅಂದರೆ ಹೊಟ್ಟೆಯ ತಜ್ಞರಿಗೆ ಫೋನ್ ಮಾಡಿದರು.

ಗಾಯದಲ್ಲಿ ರಕ್ತ ನಿಲ್ಲಿಸುವ ಕಣ ಪ್ಲೇಟ್‌ಲೆಟ್ ಎರಡು ಲಕ್ಷದ ಮೇಲಿತ್ತು. ಡೆಂಗಿ ಬಂದಾಗ ಪ್ಲೇಟ್‌ಲೆಟ್ ಲೆಕ್ಕ ನೋಡಿ ನೋಡಿ ನಮಗೆಲ್ಲ ಅಭ್ಯಾಸ ಆಗಿದೆಯಲ್ಲ, ಅಬ್ಬಾ, ಇದಾದರೂ ಚೆನ್ನಾಗಿದೆ ಅಂದುಕೊಂಡೆ. ಗ್ಯಾಸ್ಟ್ರೋ ಡಾಕ್ಟರ್ ತಲೆ ಅಲ್ಲಾಡಿಸಿದರು. "ಎಣಿಕೆ ಸರಿ ಇದೆಯಮ್ಮ, ಕೆಲಸ ಮಾಡ್ತಿಲ್ಲ. ಕಿಡ್ನಿ ತೆಗೆದುಹಾಕಬೇಕಾದ ಕಶ್ಮಲ ರಕ್ತದಲ್ಲೇ ಉಳಿದರೆ ಪ್ಲೇಟ್‌ಲೆಟ್‌ಗೆ ಗಾಯದ ಜಾಗಕ್ಕೆ ಅಂಟಿಕೊಳ್ಳೋ ಶಕ್ತಿ ಇರಲ್ಲ." ರಕ್ತಹೀನತೆಯೂ ಇದಕ್ಕೆ ಸೇರುತ್ತದೆ. ಕೆಂಪು ರಕ್ತಕಣಗಳು ತುಂಬಿ ಹರಿಯುವಾಗ ಪ್ಲೇಟ್‌ಲೆಟ್‌ಗಳನ್ನು ನಾಳದ ಗೋಡೆಯ ಕಡೆಗೆ ತಳ್ಳುತ್ತವೆ. ಗಾಯ ಆಗುವುದು ಗೋಡೆಯಲ್ಲೇ. ಕೆಂಪು ಕಣ ಕಡಿಮೆಯಾದರೆ ತಳ್ಳುವವರೇ ಇಲ್ಲ. ರಕ್ತ ಸೋರಿದಷ್ಟೂ ಸೋರಿಕೆ ನಿಲ್ಲುವುದು ಕಷ್ಟವಾಗುತ್ತಾ ಹೋಗುತ್ತದೆ. ಈ ಮಾತು ಕೇಳಿ ನಾನು ಕಾರಿಡಾರಿನ ಬೆಂಚಿನ ಮೇಲೆ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಎಂಡೋಸ್ಕೋಪಿಗೆ, ಅಂದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆ ನೋಡುವುದಕ್ಕೆ ಮುಂಚೆ, ಡೆಸ್ಮೋಪ್ರೆಸಿನ್ ಅನ್ನುವ ಇಂಜೆಕ್ಷನ್ ಕೊಟ್ಟರು. ಅದು ಪ್ಲೇಟ್‌ಲೆಟ್‌ಗಳನ್ನು ಕೆಲವು ಗಂಟೆ ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ, ಆ ಹೊತ್ತಿನೊಳಗೆ ಕೆಲಸ ಮುಗಿಸಬೇಕು. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜಾಲ್ ಡ್ರಿಪ್ ಆಗಲೇ ಶುರುವಾಗಿತ್ತು. ಅದು ಕಿಡ್ನಿ ಕಾಯಿಲೆಯವರಿಗೂ ಅದೇ ಅಳತೆ, ಕಡಿಮೆ ಮಾಡಬೇಕಾಗಿಲ್ಲ.

ರಕ್ತ ಕೊಡುವ ವಿಷಯದಲ್ಲಿ ನೆಫ್ರಾಲಜಿ (ಕಿಡ್ನಿ) ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ನನ್ನ ಮೈದುನ ಕಿಡ್ನಿ ಕೊಡುತ್ತೇನೆ ಅಂತ ಮೊದಲೇ ಹೇಳಿದ್ದರು. ಬೇರೆಯವರ ರಕ್ತ ಏರಿಸಿದಾಗಲೆಲ್ಲ, ಆ ರಕ್ತದ ಜೊತೆ ಬರುವ ಪರಕೀಯ ಗುರುತುಗಳ ವಿರುದ್ಧ ಮೈ ಆಂಟಿಬಾಡಿ ಬೆಳೆಸಿಕೊಳ್ಳಬಹುದು. ಅದೇ ಆಂಟಿಬಾಡಿ ನಾಳೆ ಕಸಿ ಮಾಡಿದ ಕಿಡ್ನಿಯ ಮೇಲೂ ಬೀಳಬಹುದು. ಬಿಳಿ ರಕ್ತಕಣಗಳನ್ನು ಸೋಸಿ ತೆಗೆದ ರಕ್ತ ಕೊಟ್ಟರೆ ಅಪಾಯ ಕಡಿಮೆ, ಪೂರ್ತಿ ಇಲ್ಲವಾಗುವುದಿಲ್ಲ. "ಆದರೂ ಹಿಮೋಗ್ಲೋಬಿನ್ 7ರ ಕೆಳಗಿದೆ, ಹೃದಯದಲ್ಲಿ ಸ್ಟೆಂಟ್ ಬೇರೆ ಇದೆ. ಇವತ್ತು ಕೊಡಲೇಬೇಕು. ಬೇಕಾದಷ್ಟೇ ಕೊಡೋಣ" ಅಂದರು. ನಾನು ಸಹಿ ಹಾಕಿದೆ. ಮಗ ತನ್ನ ಇಬ್ಬರು ಸ್ನೇಹಿತರನ್ನು ಕರೆದುಕೊಂಡು ರಕ್ತನಿಧಿಗೆ ಹೋದ. ಎರಡು ಯೂನಿಟ್ ಸೋಸಿದ ರಕ್ತ ಬಂತು.

ಅದನ್ನೂ ಬೇಗ ಬೇಗ ಏರಿಸುವ ಹಾಗಿರಲಿಲ್ಲ. ರಕ್ತ ಕಳೆದುಕೊಂಡವರಿಗೆ ನೀರು, ಸಲೈನ್, ರಕ್ತ ಬೇಗ ತುಂಬಬೇಕು. ಕಿಡ್ನಿ ಸೋತವರಿಗೆ ತುಂಬಿದ್ದು ಹೊರಗೆ ಹೋಗುವ ದಾರಿಯಿಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ. ಶೇಖರಿಸಿಟ್ಟ ರಕ್ತದಲ್ಲಿ ಪೊಟ್ಯಾಸಿಯಂ ಕೂಡ ಸೇರಿರುತ್ತದೆ, ಅದು ಜಾಸ್ತಿಯಾದರೆ ಹೃದಯಕ್ಕೆ ಅಪಾಯ, ಇವರದು ಆಗಲೇ 5.8. ಅತ್ತ ಬಿಪಿ ಕಡಿಮೆ ಇದ್ದಷ್ಟು ಹೊತ್ತೂ ಕಿಡ್ನಿಗೆ ರಕ್ತ ಸಾಲದೆ ಇನ್ನಷ್ಟು ಸಾಯುತ್ತಿರುತ್ತದೆ. ಒಂದು ಬಾಟಲಿ ನಾಲ್ಕು ಗಂಟೆ. ಗಂಟೆಗೊಮ್ಮೆ ನರ್ಸ್ ಬಂದು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಿದ್ದರು.

ಭಾನುವಾರ ಬೆಳಗ್ಗೆ ಎಂಡೋಸ್ಕೋಪಿ. ಜಠರದ ಕೆಳಭಾಗದಲ್ಲಿ ಒಂದು ಹುಣ್ಣು, ಅದರ ಮೇಲೆ ಹೆಪ್ಪುಗಟ್ಟಿದ ರಕ್ತ. ಸುತ್ತಲೂ ಸಣ್ಣ ಸಣ್ಣ ತರಚು ಗಾಯ. ರಕ್ತ ನಿಲ್ಲಿಸಲು ಅಡ್ರಿನಲಿನ್ ಚುಚ್ಚಿ, ಎರಡು ಕ್ಲಿಪ್ ಹಾಕಿದರು. ಎಚ್. ಪೈಲೋರಿ ಅನ್ನುವ ಕ್ರಿಮಿಗೂ ತುಣುಕು ತೆಗೆದು ಪರೀಕ್ಷೆ ಮಾಡಿದರು, ಇಲ್ಲ ಅಂತ ಬಂತು. ರಕ್ತ ಸೋರುವಾಗ ಮಾಡಿದ ಪರೀಕ್ಷೆಯಲ್ಲಿ ಇಲ್ಲ ಅಂದರೂ ಇರಬಹುದು, ಆಮೇಲೆ ಮತ್ತೆ ನೋಡಬೇಕು ಅಂದರು. ಆ ಸಂಜೆ ಯಜಮಾನರು ಕಣ್ಣು ಬಿಟ್ಟು ಕಾಫಿ ಕೇಳಿದರು. ಮುಗಿಯಿತು ಅಂತಲೇ ನಾವು ಅಂದುಕೊಂಡೆವು.

ಮುಗಿದಿರಲಿಲ್ಲ. ಮೂತ್ರ ಕಡಿಮೆಯಾಗುತ್ತಾ ಬಂತು. ನೋವಿನ ಮಾತ್ರೆ, ಇಳಿದ ಬಿಪಿ, ಎರಡೂ ಸೇರಿ ಉಳಿದಿದ್ದ ಸ್ವಲ್ಪ ಕಿಡ್ನಿಯನ್ನೂ ಹೊಡೆದಿದ್ದವು. ಬುಧವಾರ ಕ್ರಿಯಾಟಿನಿನ್ 6.8, ಪೊಟ್ಯಾಸಿಯಂ 6.2, ಮಲಗಿದರೆ ಉಸಿರು ಕಟ್ಟುತ್ತಿತ್ತು. ಕತ್ತಿನಲ್ಲಿ ತಾತ್ಕಾಲಿಕ ಕೊಳವೆ ಹಾಕಿ ಡಯಾಲಿಸಿಸ್ ಶುರು ಮಾಡಿದರು.

ಡಯಾಲಿಸಿಸ್ ಯಂತ್ರದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಸಾಮಾನ್ಯವಾಗಿ ಹೆಪಾರಿನ್ ಕೊಡುತ್ತಾರೆ. ಹೆಪ್ಪುಗಟ್ಟದ ಹಾಗೆ ಮಾಡುವ ಔಷಧಿ ಅದು. ಹೊಟ್ಟೆಯಲ್ಲಿ ಮೂರು ದಿನದ ಹಿಂದೆ ಕ್ಲಿಪ್ ಹಾಕಿದ ಹುಣ್ಣು ಇದೆ! ಡಯಾಲಿಸಿಸ್ ಮಾಡಿದರೆ ಕಶ್ಮಲ ಹೋಗಿ ಪ್ಲೇಟ್‌ಲೆಟ್ ಚೇತರಿಸಿಕೊಳ್ಳುತ್ತದೆ. ಹೆಪಾರಿನ್ ಕೊಟ್ಟರೆ ಹುಣ್ಣು ಮತ್ತೆ ಬಾಯಿ ಬಿಡಬಹುದು. ಹಾಗಾಗಿ ಹೆಪಾರಿನ್ ಇಲ್ಲದೆ ಮಾಡಿದರು. ಅರ್ಧ ಗಂಟೆಗೊಮ್ಮೆ ಟೆಕ್ನಿಷಿಯನ್ ಬಂದು ಸಲೈನ್ ಹರಿಸಿ ಫಿಲ್ಟರ್ ತೊಳೆಯಬೇಕು, ಕಣ್ಣಿಟ್ಟು ನೋಡುತ್ತಿರಬೇಕು. ಎರಡನೇ ಸಲ ಮೂರನೇ ಗಂಟೆಯಲ್ಲಿ ಫಿಲ್ಟರ್ ಕಟ್ಟಿಕೊಂಡಿತು. ಅದರೊಳಗಿದ್ದ ರಕ್ತ ವಾಪಸ್ ಬರಲಿಲ್ಲ. ಆ ಕಡುಗೆಂಪು ಫಿಲ್ಟರನ್ನು ಅವರು ಬಿಚ್ಚಿ ತೆಗೆದುಕೊಂಡು ಹೋಗುವುದನ್ನು ನೋಡುತ್ತಾ ನನಗೆ ಅಳು ಬಂತು. ಒಂದೊಂದು ಹನಿಗೆ ನಾವು ಎಷ್ಟು ಲೆಕ್ಕ ಹಾಕಿದ್ದೆವು.

ಇದರ ನಡುವೆ ಆಸ್ಪಿರಿನ್. ಗ್ಯಾಸ್ಟ್ರೋ ಡಾಕ್ಟರ್ ನಿಲ್ಲಿಸಿದ್ದರು. ಹೃದಯದ ಡಾಕ್ಟರ್, ಜಾಸ್ತಿ ದಿನ ನಿಲ್ಲಿಸಿದರೆ ಹೃದಯಾಘಾತ ಆಗಬಹುದು ಅಂದರು. ಐದನೇ ದಿನ ಮತ್ತೆ ಶುರು ಮಾಡಿದರು. ಮೂವರು ಡಾಕ್ಟರೂ ಒಳ್ಳೆಯವರೇ, ಒಬ್ಬೊಬ್ಬರು ಒಂದೊಂದು ಹೊತ್ತಲ್ಲಿ ಬರುತ್ತಿದ್ದರು. ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳುತ್ತಿದ್ದುದು ಎಷ್ಟೋ ಸಲ ನನ್ನ ಮೂಲಕ. ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಯಾರು, ಯಾವಾಗ, ಏನು ಹೇಳಿದರು, ಎಲ್ಲ ಬರೆದುಕೊಂಡೆ. ಅವತ್ತಿನ ಹಿಮೋಗ್ಲೋಬಿನ್, ಮೂತ್ರ, ಮಲದ ಬಣ್ಣ ಕೂಡ. ಮನೆಯವರು ಆಸ್ಪತ್ರೆಯಲ್ಲಿ ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ ಅಂತ ನನ್ನ ನಂಬಿಕೆ.

ನೋಡಲು ಬಂದವರನ್ನು ತಡೆಯುವುದು ಬೇರೆ ಒಂದು ಕೆಲಸ. ಎಲ್ಲರೂ ಪ್ರೀತಿಯಿಂದಲೇ ಬರುತ್ತಿದ್ದರು. ಕೈಯಲ್ಲಿ ಎಳನೀರು. ರಕ್ತ ಆಗುತ್ತೆ ಅಂತ ಬೀಟ್‌ರೂಟ್ ಜ್ಯೂಸ್, ದಾಳಿಂಬೆ. ಎಲ್ಲದರಲ್ಲೂ ಪೊಟ್ಯಾಸಿಯಂ. ಇನ್ನೊಬ್ಬರು ಹೊಟ್ಟೆ ತಂಪಾಗುತ್ತೆ ಅಂತ ಆಂಟಾಸಿಡ್ ಸಿರಪ್ ತಂದರು. ಅಂಥ ಸಿರಪ್‌ಗಳಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತೆ, ಕಿಡ್ನಿ ಹೊರಹಾಕಲಾರದೆ ಮೈಯಲ್ಲೇ ಉಳಿಯುತ್ತೆ ಅಂತ ನೆಫ್ರಾಲಜಿ ಡಾಕ್ಟರ್ ಬೇಡ ಅಂದರು. ಹಿರಿಯರಿಗೆ ಇದನ್ನೆಲ್ಲ ಬೇಜಾರಾಗದ ಹಾಗೆ ಹೇಳುವುದು ಸುಲಭವಲ್ಲ.

ಹನ್ನೊಂದನೇ ದಿನ ಮತ್ತೆ ಡಾಂಬರು. ಈ ಸಲ ನಾನು ಒಂದು ನಿಮಿಷವೂ ಕಾಯಲಿಲ್ಲ. 8.2 ಇದ್ದ ಹಿಮೋಗ್ಲೋಬಿನ್ 6.9 ಆಗಿತ್ತು. ಮತ್ತೆ ಎಂಡೋಸ್ಕೋಪಿ. ಹಳೇ ಹುಣ್ಣು ಚೆನ್ನಾಗಿ ಮಾಯುತ್ತಿತ್ತು. ರಕ್ತ ಬರುತ್ತಿದ್ದದ್ದು ಅದರ ಆಚೆ, ಸಣ್ಣ ಕರುಳಿನ ಆರಂಭದಲ್ಲಿ. ಡಾಕ್ಟರ್ ಫೋಟೊ ತೋರಿಸಿದರು. ಗುಲಾಬಿ ಬಣ್ಣದ ಗೋಡೆಯ ಮೇಲೆ ಕುಂಕುಮದ ಚುಕ್ಕಿ ಇಟ್ಟ ಹಾಗೆ ಎರಡು ಕೆಂಪು ಚುಕ್ಕಿ. ಒಂದರಿಂದ ಸಣ್ಣಗೆ ಜಿನುಗುತ್ತಿತ್ತು. ಆಂಜಿಯೋಡಿಸ್ಪ್ಲೇಸಿಯಾ ಅಂತಾರೆ, ತೆಳ್ಳಗಾಗಿ ಹಿಗ್ಗಿದ ಸಣ್ಣ ರಕ್ತನಾಳಗಳ ಗಂಟು. ಕಿಡ್ನಿ ಕಾಯಿಲೆಯವರಲ್ಲಿ ಜಾಸ್ತಿ ಕಾಣಿಸುತ್ತದೆ, ಒಂದಕ್ಕಿಂತ ಹೆಚ್ಚು ಇರುವುದು ಸಾಮಾನ್ಯ, ಒಂದನ್ನು ಸುಟ್ಟರೆ ಇನ್ನೆಲ್ಲೋ ಮತ್ತೊಂದು ಜಿನುಗಬಹುದು. ಆರ್ಗಾನ್ ಅನಿಲದ ಮೂಲಕ ವಿದ್ಯುತ್ ಹಾಯಿಸಿ ಎರಡನ್ನೂ ಸುಟ್ಟರು.

ಮತ್ತೆ ಎರಡು ಯೂನಿಟ್ ರಕ್ತ. ಈ ಸಲ ಡಯಾಲಿಸಿಸ್ ನಡೆಯುವಾಗಲೇ ಏರಿಸಿದರು. ಹೆಚ್ಚಾದ ನೀರನ್ನೂ ಪೊಟ್ಯಾಸಿಯಂಅನ್ನೂ ಯಂತ್ರ ಅಲ್ಲೇ ತೆಗೆದುಬಿಡುತ್ತದೆ. ಮೊದಲ ರಾತ್ರಿಯ ಹಾಗೆ ಉಸಿರು ನೋಡಿಕೊಂಡು ಕೂರಬೇಕಾಗಲಿಲ್ಲ.

ದೊಡ್ಡ ಕರುಳನ್ನೂ ನೋಡಿಬಿಡೋಣ ಅಂದರು. ಕೊಲೊನೊಸ್ಕೋಪಿಗೆ ಮುಂಚೆ ಭೇದಿ ಔಷಧಿ ಕುಡಿಯಬೇಕು. ಅದರಲ್ಲೂ ಕಿಡ್ನಿಯವರಿಗೆ ಆರಿಸಿ ಕೊಡಬೇಕು. ಫಾಸ್ಫೇಟ್ ಇರುವುದು ಬೇಡವೇ ಬೇಡ, ಪಾಲಿಎಥಿಲೀನ್ ಗ್ಲೈಕಾಲ್ ಇರುವುದು ಆಗುತ್ತದೆ. ಯಾವುದು ಕೊಡುತ್ತಿದ್ದೀರಿ ಅಂತ ಪ್ಯಾಕೆಟ್ ಕೇಳಿ ಓದಿಕೊಂಡೆ. ಆ ಹೊತ್ತಿಗೆ ನರ್ಸ್‌ಗಳಿಗೂ ನನ್ನ ನೋಟ್‌ಬುಕ್ ಗೊತ್ತಾಗಿತ್ತು, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ದೊಡ್ಡ ಕರುಳಲ್ಲಿ ಏನೂ ಇರಲಿಲ್ಲ.

19ನೇ ದಿನ ಮನೆಗೆ ಬಂದೆವು. ಆದರೆ ಕಿಡ್ನಿ ವಾಪಸ್ ಬರಲಿಲ್ಲ. ಇನ್ನು ಎರಡು ವರ್ಷವಾದರೂ ತಳ್ಳಬಹುದು ಅಂದಿದ್ದ ಡಯಾಲಿಸಿಸ್ ಈಗ ವಾರಕ್ಕೆ ಮೂರು ದಿನ. ಕಾಯುವಾಗ ಜೊತೆಗಿರುವವರ ಹತ್ತಿರ ಮಾತಾಡುತ್ತೇನೆ. ಅವರಲ್ಲಿ ಇಬ್ಬರಿಗೆ ಹೊಟ್ಟೆಯಲ್ಲಿ ರಕ್ತ ಸೋರಿತ್ತು. ಒಬ್ಬರು ಮೊದಲು ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ನೆಫ್ರೋ ಯೂರಾಲಜಿ ಸಂಸ್ಥೆಯಲ್ಲಿ ತೋರಿಸುತ್ತಿದ್ದರಂತೆ. ಗ್ಯಾಸ್ಟ್ರೋ ಸಂಸ್ಥೆಯೂ ಅದೇ ಆವರಣದಲ್ಲಿದೆ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗುತ್ತಿದ್ದೆವು ಅಂದರು. ಕಿಡ್ನಿ ಡಾಕ್ಟರೂ ಹೊಟ್ಟೆ ಡಾಕ್ಟರೂ ಅಷ್ಟು ಹತ್ತಿರ ಇರುವುದು ಎಷ್ಟು ಮುಖ್ಯ ಅಂತ ನನಗೆ ಮೊದಲು ಗೊತ್ತಿರಲಿಲ್ಲ.

ಕೆಲವು ಬದಲಾವಣೆ ಮಾಡಿಕೊಂಡಿದ್ದೇವೆ. ಮಂಡಿ ನೋವಿಗೆ ಬಿಸಿ ಶಾಖ, ತೀರಾ ಆದರೆ ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್. ಡಯಾಲಿಸಿಸ್ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ "ಹೊಟ್ಟೆಯಲ್ಲಿ ರಕ್ತಸ್ರಾವ ಆಗಿದೆ, ಡಾಕ್ಟರನ್ನು ಕೇಳದೆ ಹೆಪಾರಿನ್ ಕೊಡಬೇಡಿ" ಅಂತ ಬರೆದಿದ್ದೇನೆ. ಯಾಕೆಂದರೆ ಟೆಕ್ನಿಷಿಯನ್‌ಗಳು ಬದಲಾಗುತ್ತಿರುತ್ತಾರೆ. ಕಬ್ಬಿಣದ ಮಾತ್ರೆ ನಿಲ್ಲಿಸಿ ಡಯಾಲಿಸಿಸ್ ವೇಳೆ ಕಬ್ಬಿಣದ ಇಂಜೆಕ್ಷನ್ ಕೊಡಿಸುತ್ತಿದ್ದೇವೆ, ಜೊತೆಗೆ ಎರಿಥ್ರೋಪೊಯೆಟಿನ್. ಇದರಿಂದ ಇನ್ನೊಂದು ಅನುಕೂಲ ಆಗಿದೆ. ಈಗ ಕಪ್ಪು ಕಂಡರೆ ಮಾತ್ರೆಯದೋ ರಕ್ತದ್ದೋ ಅಂತ ಯೋಚಿಸುತ್ತಾ ಕೂರಬೇಕಾಗಿಲ್ಲ. ರಕ್ತವೇ ಅಂದುಕೊಂಡು ಆಟೋ ಹತ್ತುವುದು. ಫೆಬ್ರವರಿಯಲ್ಲಿ ಒಂದು ಸಲ ಹಾಗೆ ಹೋದೆವು, ಆಗ 9.1ರಿಂದ 8.4ಕ್ಕೆ ಇಳಿದಿತ್ತು ಅಷ್ಟೇ. ಇನ್ನೊಂದು ಚುಕ್ಕಿ ಸಿಕ್ಕಿತು, ಸುಟ್ಟರು, ಮರುದಿನ ಮನೆಗೆ ಕಳಿಸಿದರು. ರಕ್ತ ಏರಿಸುವ ಮಾತೇ ಬರಲಿಲ್ಲ.

ಏರಿಸಿದ್ದು ಒಟ್ಟು ನಾಲ್ಕು ಯೂನಿಟ್. ಆ ನಾಲ್ಕರಿಂದ ಅವರ ಮೈಯಲ್ಲಿ ಎಷ್ಟು ಆಂಟಿಬಾಡಿ ಹುಟ್ಟಿವೆ, ಮೈದುನನ ಕಿಡ್ನಿಯನ್ನು ಈಗಲೂ ಒಪ್ಪಿಕೊಳ್ಳುತ್ತದಾ ಅಂತ ನೋಡಬೇಕಿತ್ತು. ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯಲ್ಲೂ ಹೆಸರು ಬರೆಸಿದ್ದೇವೆ, ಆದರೆ ಅಲ್ಲಿ ಸರದಿ ಉದ್ದ. ಮೊನ್ನೆ ಸೋಮವಾರ ಅಣ್ಣ ತಮ್ಮ ಇಬ್ಬರೂ ಅಕ್ಕಪಕ್ಕ ಕೂತು ಅದನ್ನು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ಇವರು ಬಲಗೈ ಕೊಟ್ಟರು. ಎಡಗೈಯ ಫಿಸ್ಟುಲಾಗೆ ಈಗ ನಾಲ್ಕು ತಿಂಗಳು, ಬೆರಳಿಟ್ಟರೆ ಝುಂ ಅಂತ ಮಿಡಿಯುತ್ತದೆ. ರಿಪೋರ್ಟ್ ಶುಕ್ರವಾರ ಬರುತ್ತದೆ.